ಒಂದು ಮೇಲ್, ನಾಲ್ಕು ಹೆಸರು: ಯಾವ ಫೋಲ್ಡರಿಗೆ ಹಾಕೋದು?

ಪ್ರಶ್ನೆ: ನಾನು ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತ. ತೋಟದ ಪತ್ರ ವ್ಯವಹಾರವೆಲ್ಲ ಈಗ ಇಮೇಲಿನಲ್ಲೇ. ಲ್ಯಾಪ್‌ಟಾಪಿನಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಇದೆ. ಅದರಲ್ಲಿ ಎರಡು ಅಕೌಂಟ್: ಒಂದು ತೋಟದ್ದು, ನಮ್ಮದೇ ಡೊಮೈನಿನ ವಿಳಾಸ. ಇನ್ನೊಂದು ನಾನು ಕಾರ್ಯದರ್ಶಿಯಾಗಿರುವ ಸಣ್ಣ ಬೆಳೆಗಾರರ ಸಂಘದ ಜಿಮೇಲ್. ಸಾಹುಕಾರರು, ಬೆಂಗಳೂರಿನಲ್ಲಿರುವ ಅವರ ಮಗ, ಆಡಿಟರ್, ಕ್ಯೂರಿಂಗ್‌ನವರು (ಕಾಫಿ ಬೀಜ ಸಂಸ್ಕರಿಸುವವರು), ಹೀಗೆ ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರ್ ಮಾಡಿ, ಬಂದ ಮೇಲ್ ತಾನೇ ಅಲ್ಲಿಗೆ ಹೋಗುವ ಹಾಗೆ ಫಿಲ್ಟರ್ ಹಾಕಿದ್ದೇನೆ. ಆದರೆ ಒಂದೇ ಮೇಲ್ ಮಗನಿಗೂ ಆಡಿಟರಿಗೂ ಬಂದರೆ ಒಬ್ಬರ ಫೋಲ್ಡರಿನಲ್ಲಿ ಮಾತ್ರ ಕಾಣುತ್ತದೆ. ಕೆಲವು ಎಲ್ಲೂ ಹೋಗದೆ ಇನ್‌ಬಾಕ್ಸಿನಲ್ಲೇ ಕೂತಿರುತ್ತವೆ. ಸಾಹುಕಾರರು ಫೋನ್ ಮಾಡಿ "ಆ ಔಟ್‌ಟರ್ನ್ ಲೆಕ್ಕ ಎಲ್ಲಿ?" (ಕ್ಯೂರಿಂಗ್ ಆದ ಮೇಲೆ ಎಷ್ಟು ಕಾಫಿ ಸಿಕ್ಕಿತು ಅನ್ನುವ ಲೆಕ್ಕ) ಅಂದರೆ ನಾಲ್ಕು ಫೋಲ್ಡರ್ ತಡಕಬೇಕು. ಇದಕ್ಕೆ ಏನು ದಾರಿ?

ಉತ್ತರ: ನೀವು ಕಳಿಸಿದ ಫಿಲ್ಟರ್ ಪಟ್ಟಿಯ ಫೋಟೋ ನೋಡಿದೆ. ಒಟ್ಟು 11 ಫಿಲ್ಟರ್. ಹನ್ನೊಂದರಲ್ಲೂ ಷರತ್ತು ಒಂದೇ, "ಟು". ಹನ್ನೊಂದರಲ್ಲೂ ಕೆಲಸ ಒಂದೇ, "ಮೂವ್". ನಿಮ್ಮ ತೊಂದರೆ ಪೂರ್ತಿ ಈ ಎರಡು ಪದದಲ್ಲೇ ಇದೆ.

ಕ್ಯೂರಿಂಗ್ ವರ್ಕ್ಸಿಗೆ ಹೋದಾಗ ಗ್ರೇಡರ್ ಓಡುವುದನ್ನು ನೋಡಿರುತ್ತೀರಿ, ಅಲ್ವಾ? ಒಂದರ ಕೆಳಗೊಂದು ಜರಡಿ. ದಪ್ಪ ಬೀಜ ಮೇಲೇ ನಿಂತು ತನ್ನ ಚೀಲಕ್ಕೆ ಹೋಗುತ್ತದೆ. ದಪ್ಪ ಬೀಜದ ಡಬಲ್ ಎ ಚೀಲಕ್ಕೆ ಬಿದ್ದದ್ದು ಮತ್ತೆ ಕೆಳಗಿನ ಜರಡಿಯ ಮುಖ ನೋಡುವುದಿಲ್ಲ. ಥಂಡರ್‌ಬರ್ಡ್‌ನ ಫಿಲ್ಟರ್ ಪಟ್ಟಿಯೂ ಹಾಗೇ ಮೇಲಿನಿಂದ ಕೆಳಕ್ಕೆ ಓಡುತ್ತದೆ. ನಿಮ್ಮ ಪಟ್ಟಿಯಲ್ಲಿ "ಬೆಂಗಳೂರು" ಮೇಲಿದೆ, "ಆಡಿಟರ್" ಕೆಳಗಿದೆ. ಇಬ್ಬರ ಹೆಸರೂ ಇರುವ ಮೇಲ್ ಬಂತು. ಮೇಲಿನ ಫಿಲ್ಟರ್ ಅದನ್ನು "ಬೆಂಗಳೂರು" ಫೋಲ್ಡರಿಗೆ ಸಾಗಿಸಿತು. ಅಲ್ಲಿಗೆ ಅದು ಇನ್‌ಬಾಕ್ಸ್ ಬಿಟ್ಟಾಯಿತು. ಆಡಿಟರ್ ಫಿಲ್ಟರಿನ ಸರದಿ ಬರುವ ಹೊತ್ತಿಗೆ ನೋಡಲು ಆ ಇಮೇಲೇ ಇಲ್ಲ. ಫಿಲ್ಟರ್ ಕೆಟ್ಟಿಲ್ಲ. ನೀವು ಹೇಳಿದ್ದನ್ನೇ ಅದು ಮಾಡುತ್ತಿದೆ.

ಹಾಗಾದರೆ "ಮೂವ್" ತೆಗೆದು "ಕಾಪಿ" ಹಾಕಿದರೆ ಆಯಿತಲ್ಲ ಎನ್ನಬಹುದು. ಆಗುತ್ತದೆ. ಕಾಪಿ ಮಾಡಿದ ಮೇಲೂ ಮೂಲ ಮೇಲ್ ಇನ್‌ಬಾಕ್ಸಿನಲ್ಲೇ ಇರುತ್ತದೆ, ಮುಂದಿನ ಫಿಲ್ಟರ್ ಅದನ್ನು ನೋಡುತ್ತದೆ, ಇನ್ನೊಂದು ಪ್ರತಿ ಮಾಡುತ್ತದೆ. ನಾಲ್ಕು ಹೆಸರಿದ್ದರೆ ನಾಲ್ಕು ಫೋಲ್ಡರಿನಲ್ಲಿ ನಾಲ್ಕು ಪ್ರತಿ, ಇನ್‌ಬಾಕ್ಸಿನಲ್ಲಿ ಐದನೆಯದು. ಆದರೆ ಇದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಒಂದು ಪ್ರತಿ ಓದಿದರೆ ಉಳಿದ ನಾಲ್ಕು ಓದದ ಹಾಗೇ ದಪ್ಪಕ್ಷರದಲ್ಲಿ ಕೂತಿರುತ್ತವೆ. ಒಂದಕ್ಕೆ ಉತ್ತರ ಕೊಟ್ಟಿದ್ದೀರಿ ಅನ್ನುವ ಬಾಣದ ಗುರುತು ಉಳಿದವುಗಳ ಮೇಲೆ ಇರುವುದಿಲ್ಲ. ಎರಡು ವಾರ ಬಿಟ್ಟು ಆಡಿಟರ್ ಫೋಲ್ಡರ್ ತೆರೆದು "ಅಯ್ಯೋ, ಇದಕ್ಕೆ ಉತ್ತರವೇ ಕೊಟ್ಟಿಲ್ಲ" ಅಂತ ಇನ್ನೊಂದು ಸಲ ಕಳಿಸುತ್ತೀರಿ. ಸ್ಕ್ಯಾನ್ ಮಾಡಿದ ಬಿಲ್ಲುಗಳಿದ್ದರೆ ಜಾಗವೂ ಐದು ಪಟ್ಟು.

ಹಳೇ ರೈಟರುಗಳ ಕೆಲಸ ನೆನಪಿಸಿಕೊಳ್ಳಿ. ಟೈಪ್‌ರೈಟರಿನಲ್ಲಿ ಎರಡು ಹಾಳೆ ನಡುವೆ ಕಾರ್ಬನ್ ಇಟ್ಟು ಹೊಡೆಯುತ್ತಿದ್ದರು. ಮೂಲ ಪ್ರತಿ ಹೋಗಬೇಕಾದವರಿಗೆ, ಕಾರ್ಬನ್ ಪ್ರತಿ ಫೈಲಿಗೆ. ಇಮೇಲಿನ "ಸಿಸಿ" ಅಂದರೂ ಅದೇ, ಕಾರ್ಬನ್ ಕಾಪಿ. ಕಾಗದ ಒಂದೇ ಸಲ ಎರಡು ಫೈಲಿನಲ್ಲಿ ಇರಲಾರದು, ಅದಕ್ಕೇ ಕಾರ್ಬನ್ ಬೇಕಾಗಿತ್ತು. ಮೇಲ್‌ಗೆ ಆ ಕಷ್ಟ ಇಲ್ಲ. ಅದು ಒಂದು ಕಡೆ ಇದ್ದುಕೊಂಡೇ ನಾಲ್ಕು ಕಡೆ ಕಾಣಿಸಿಕೊಳ್ಳಬಲ್ಲದು. ಫೋಲ್ಡರನ್ನು ಕಾಗದದ ಫೈಲಿನ ಹಾಗೆ ನೋಡುವುದರಿಂದಲೇ ನಾವು ಸಿಕ್ಕಿಕೊಳ್ಳುತ್ತೇವೆ.

ಇನ್ನೊಂದು ಮಾತು. ಟು, ಸಿಸಿ ಸಾಲುಗಳಲ್ಲಿ ಯಾರ ಹೆಸರಿದೆ ಎನ್ನುವುದು ವಿಷಯದ ಮೇಲೆ ನಿಂತಿಲ್ಲ, ಕಳಿಸಿದವರ ಅಭ್ಯಾಸದ ಮೇಲೆ ನಿಂತಿದೆ. ಆಡಿಟರ್ ಆಫೀಸಿನ ಹುಡುಗ ಎಲ್ಲರನ್ನೂ ಟು ಸಾಲಿಗೇ ತುಂಬುತ್ತಾನೆ. ಸಾಹುಕಾರರ ಮಗ "ರಿಪ್ಲೈ ಆಲ್" ಒತ್ತುತ್ತಾನೆ, ಅಲ್ಲಿಗೆ ಗೊಬ್ಬರದ ವಿಚಾರ ಆಡಿಟರಿಗೂ ಹೋಯಿತು. ಹೀಗಿರುವಾಗ ಸ್ವೀಕರಿಸುವವರ ಹೆಸರು ನೋಡಿ ಫೋಲ್ಡರ್ ನಿರ್ಧರಿಸಿದರೆ, ನಿಮ್ಮ ಫೈಲಿಂಗ್ ಬೇರೆಯವರ ಸೋಮಾರಿತನದ ಕೈಯಲ್ಲಿ ಕೊಟ್ಟ ಹಾಗೆ. ನನ್ನ ಅಭಿಪ್ರಾಯ ಇಷ್ಟು: ಫೋಲ್ಡರ್ ವಿಷಯಕ್ಕೆ ಇರಲಿ, ಜನರಿಗೆ ಟ್ಯಾಗ್ ಹಾಕಿ.

ಟ್ಯಾಗ್ ಅಂದರೆ ಚೀಲದ ಮೇಲೆ ಹೊಡೆಯುವ ಮಾರ್ಕಿನ ಹಾಗೆ. ಒಂದು ಚೀಲದ ಮೇಲೆ ತೋಟದ ಹೆಸರೂ ಇರಬಹುದು, ಗ್ರೇಡೂ ಇರಬಹುದು, ಲಾಟ್ ನಂಬರೂ ಇರಬಹುದು. ಚೀಲ ಮಾತ್ರ ಒಂದೇ. ಥಂಡರ್‌ಬರ್ಡ್‌ನಲ್ಲಿ ಮೊದಲೇ ಐದು ಟ್ಯಾಗ್ ಇರುತ್ತವೆ. ಸೆಟ್ಟಿಂಗ್ಸಿಗೆ ಹೋಗಿ ನಿಮ್ಮದೇ ಹೆಸರು, ಬಣ್ಣ ಕೊಟ್ಟು ಹೊಸದು ಮಾಡಿಕೊಳ್ಳಬಹುದು. "ಸಾಹುಕಾರರು" ಹಸಿರು, "ಬೆಂಗಳೂರು" ನೀಲಿ, "ಆಡಿಟರ್" ಕೆಂಪು. ಕನ್ನಡದಲ್ಲೇ ಹೆಸರಿಡಿ, ಏನೂ ಆಗುವುದಿಲ್ಲ.

ಈಗ ಫಿಲ್ಟರ್. ಟೂಲ್ಸ್ ಮೆನುವಿನಲ್ಲಿ ಮೆಸೇಜ್ ಫಿಲ್ಟರ್ಸ್. ಮೆನು ಸಾಲೇ ಕಾಣದಿದ್ದರೆ ಆಲ್ಟ್ ಕೀಲಿ ಒತ್ತಿ, ಬರುತ್ತದೆ. ಮೇಲ್ಗಡೆ ಯಾವ ಅಕೌಂಟ್ ಆಯ್ಕೆಯಾಗಿದೆ ನೋಡಿಕೊಳ್ಳಿ. ಥಂಡರ್‌ಬರ್ಡ್ ಪ್ರತಿ ಅಕೌಂಟಿಗೂ ಬೇರೆ ಬೇರೆ ಫಿಲ್ಟರ್ ಪಟ್ಟಿ ಇಡುತ್ತದೆ. ತೋಟದ ಅಕೌಂಟಿಗೆ ಮಾಡಿದ್ದು ಸಂಘದ ಅಕೌಂಟಿನ ಮೇಲ್ ಮುಟ್ಟುವುದಿಲ್ಲ. ಕೆಲವು ಮೇಲ್ ಎಲ್ಲೂ ಹೋಗದೆ ಉಳಿಯಲು ಇದೂ ಒಂದು ಕಾರಣ. ನಿಮ್ಮ ಫೋಟೋದಲ್ಲಿ ಸಂಘದ ಅಕೌಂಟಿನ ಪಟ್ಟಿ ಖಾಲಿ ಇತ್ತು.

ನ್ಯೂ ಒತ್ತಿ. ಹೆಸರು "ಟ್ಯಾಗ್ - ಆಡಿಟರ್" ಅಂತ ಕೊಡಿ. ಷರತ್ತಿನ ಮೊದಲ ಪೆಟ್ಟಿಗೆಯಲ್ಲಿ ನೀವು ಇಲ್ಲಿಯವರೆಗೆ "ಟು" ಆರಿಸುತ್ತಿದ್ದಿರಿ. ಆ ಪಟ್ಟಿಯನ್ನು ಸ್ವಲ್ಪ ಕೆಳಗೆ ಎಳೆಯಿರಿ. "ಟು ಆರ್ ಸಿಸಿ" ಇದೆ. ಇನ್ನೂ ಕೆಳಗೆ "ಫ್ರಮ್, ಟು, ಸಿಸಿ ಆರ್ ಬಿಸಿಸಿ" ಅಂತ ಉದ್ದನೆಯದು ಒಂದಿದೆ. ಅದನ್ನು ಆರಿಸಿ. ಆಡಿಟರ್ ಕಳಿಸಿದ್ದು, ಆಡಿಟರಿಗೆ ಹೋಗಿದ್ದು, ಆಡಿಟರಿಗೆ ಸಿಸಿ ಹೋಗಿದ್ದು, ಮೂರೂ ಒಂದೇ ಷರತ್ತಿನಲ್ಲಿ ಸಿಗುತ್ತವೆ. ನಿಮ್ಮ ಹಳೇ ಫಿಲ್ಟರ್ ಟು ಸಾಲು ಮಾತ್ರ ನೋಡುತ್ತಿತ್ತು. ಹಾಗಾಗಿ ಆಡಿಟರೇ ಬರೆದ ಮೇಲ್ ಆಡಿಟರ್ ಫೋಲ್ಡರಿಗೆ ಹೋಗುತ್ತಿರಲಿಲ್ಲ. ಅಲ್ಲಿ ಅವರು ಫ್ರಮ್, ಟು ಅಲ್ಲವಲ್ಲ. ಎರಡನೇ ಪೆಟ್ಟಿಗೆಯಲ್ಲಿ "ಕಂಟೇನ್ಸ್", ಮೂರನೆಯದರಲ್ಲಿ ಆಡಿಟರ್ ವಿಳಾಸ. ಕೆಳಗೆ ಕೆಲಸದ ಜಾಗದಲ್ಲಿ "ಟ್ಯಾಗ್ ಮೆಸೇಜ್", ಪಕ್ಕದಲ್ಲಿ ಆಡಿಟರ್. ಓಕೆ.

ವಿಳಾಸ ಪೂರ್ತಿ ಹಾಕಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಾಸನದಲ್ಲಿ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನು ನನ್ನ ಮೇಲ್‌ಗೇ ಒಂದು ಫಿಲ್ಟರ್ ಹಾಕಿಕೊಂಡಿದ್ದೆ. ಒಬ್ಬ ಗ್ರಾಹಕರ ಹೆಸರು ರಾಜ್ ಅಂತ ಕೊನೆಯಾಗುತ್ತಿತ್ತು. ಪೂರ್ತಿ ವಿಳಾಸ ಹೊಡೆಯಲು ಬೇಸರವಾಗಿ ಆ ಮೂರು ಇಂಗ್ಲಿಷ್ ಅಕ್ಷರ ಮಾತ್ರ ಹಾಕಿ ಸುಮ್ನೆ ಬಿಟ್ಟೆ. ನಾಗರಾಜ್, ಬಸವರಾಜ್, ರಾಜೇಶ್, ರಾಜೇಶ್ವರಿ, ಅರ್ಧ ಹಾಸನವೇ ಆ ಫೋಲ್ಡರಿಗೆ ನುಗ್ಗಿತು. ಅದರಲ್ಲಿ ಒಂದು ಕೊಟೇಷನ್ ಕೇಳಿ ಬಂದ ಮೇಲ್. ಮೂರು ದಿನದೊಳಗೆ ಕೊಡಿ ಅಂದಿದ್ದರು, ನಾನು ನೋಡಿದ್ದು ಹದಿನೈದನೇ ದಿನ. ಕೆಲಸ ಬೇರೆಯವರಿಗೆ ಹೋಗಿತ್ತು. "ಕಂಟೇನ್ಸ್" ಅಂದರೆ ಎಲ್ಲಾದರೂ ಒಳಗೆ ಇದ್ದರೆ ಸಾಕು ಅಂತ ಅರ್ಥ. ಅದು ಅಕ್ಷರ ಕೂಡಿಸಿ ನೋಡುತ್ತದೆ, ಮನುಷ್ಯರನ್ನು ಗುರುತಿಸುವುದಿಲ್ಲ.

ಬೇಜಾರಾದರೆ ಒಂದು ಸುಲಭ ದಾರಿ ಇದೆ. ಬಂದ ಮೇಲ್ ತೆರೆದು, ಮೇಲ್ಗಡೆ ಕಾಣುವ ವಿಳಾಸದ ಮೇಲೆ ಮೌಸಿನ ಬಲ ಗುಂಡಿ ಒತ್ತಿದರೆ "ಕ್ರಿಯೇಟ್ ಫಿಲ್ಟರ್ ಫ್ರಮ್" ಬರುತ್ತದೆ. ವಿಳಾಸ ತಾನೇ ತುಂಬಿಕೊಳ್ಳುತ್ತದೆ. ಷರತ್ತಿನ ಪೆಟ್ಟಿಗೆ ಬದಲಾಯಿಸಿದರೆ ಆಯಿತು.

ಮೂರು ಜನಕ್ಕೆ ಮೂರು ಟ್ಯಾಗ್ ಫಿಲ್ಟರ್. ಇವನ್ನು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇಡಿ. ಟ್ಯಾಗ್ ಹಾಕಿದ ಮೇಲ್ ಅಲ್ಲಿಂದ ಕದಲುವುದಿಲ್ಲ, ಆದ್ದರಿಂದ ಮುಂದಿನ ಫಿಲ್ಟರ್ ಅದನ್ನು ನೋಡೇ ನೋಡುತ್ತದೆ. ಒಂದೇ ಮೇಲ್‌ಗೆ ಮೂರು ಬಣ್ಣ ಬೀಳಬಹುದು. ಅದರ ಕೆಳಗೆ ವಿಷಯದ ಫಿಲ್ಟರುಗಳು. ಕ್ಯೂರಿಂಗ್‌ನವರ ಡೊಮೈನಿನಿಂದ ಬಂದರೆ "ಕ್ಯೂರಿಂಗ್" ಫೋಲ್ಡರಿಗೆ, ಬ್ಯಾಂಕಿನಿಂದ ಬಂದರೆ "ಬ್ಯಾಂಕ್" ಫೋಲ್ಡರಿಗೆ ಮೂವ್. ಇಲ್ಲಿ ಫ್ರಮ್ ಸಾಲು ನೋಡಿದರೆ ಸಾಕು. ಕಳಿಸಿದವರು ಒಬ್ಬರೇ ಇರುತ್ತಾರೆ, ಸ್ವೀಕರಿಸುವವರು ಹತ್ತು ಜನ ಇರಬಹುದು. ಒಂದೇ ಇರುವುದನ್ನು ಹಿಡಿದು ವಿಂಗಡಿಸಿದರೆ ಜಗಳ ಬರುವುದಿಲ್ಲ.

ಒಂದೇ ಫಿಲ್ಟರಿನಲ್ಲಿ ಎರಡು ಮೂರು ಕೆಲಸ ಹೇಳಲೂ ಬಹುದು. ಮೂವ್ ಮೊದಲು ಬರೆದು ಟ್ಯಾಗ್ ಆಮೇಲೆ ಬರೆದರೆ, ಈ ಕೆಲಸಗಳನ್ನು ಬೇರೆ ಕ್ರಮದಲ್ಲಿ ಮಾಡಲಾಗುತ್ತದೆ ಎಂಬ ಸೂಚನೆ ಕೆಳಗೆ ಮೂಡುತ್ತದೆ. ಹೆದರಬೇಡಿ. ಅದು ಮೂವ್ ಅನ್ನು ಕೊನೆಗೆ ತಳ್ಳುತ್ತಿದೆ ಅಷ್ಟೇ.

ಈಗ ಸಾಹುಕಾರರು ಫೋನ್ ಮಾಡಿ ಔಟ್‌ಟರ್ನ್ ಲೆಕ್ಕ ಕೇಳಿದರು ಅಂದುಕೊಳ್ಳಿ. ಕ್ಯೂರಿಂಗ್ ಫೋಲ್ಡರ್ ತೆರೆಯಿರಿ, ಒಂದೇ ಕಡೆ ಇದೆ. "ಆಡಿಟರಿಗೆ ಏನೇನು ಹೋಗಿದೆ?" ಅಂದರೆ? ಅದಕ್ಕೆ ಸೇವ್ಡ್ ಸರ್ಚ್ ಬೇಕು. ಫೈಲ್ ಮೆನುವಿನಲ್ಲಿ ನ್ಯೂ, ಅದರೊಳಗೆ ಸೇವ್ಡ್ ಸರ್ಚ್. ಯಾವ ಯಾವ ಫೋಲ್ಡರ್ ಹುಡುಕಬೇಕು ಅಂತ ಗುರುತು ಹಾಕಿ, ಟ್ಯಾಗ್ ಆಡಿಟರ್ ಆಗಿರಬೇಕು ಅಂತ ಷರತ್ತು ಕೊಡಿ. ಎಡಗಡೆ ಪಟ್ಟಿಯಲ್ಲಿ ಒಂದು ಫೋಲ್ಡರಿನ ಹಾಗೇ ಕಾಣುತ್ತದೆ, ತೆರೆದರೆ ಆಡಿಟರ್ ಇರುವ ಮೇಲ್‌ಗಳೆಲ್ಲ ಸಾಲಾಗಿ ನಿಂತಿರುತ್ತವೆ. ಆದರೆ ಅದರೊಳಗೆ ನಿಜವಾಗಿ ಏನೂ ಇಲ್ಲ. ಮೇಲ್ ಕ್ಯೂರಿಂಗ್ ಫೋಲ್ಡರಿನಲ್ಲೇ ಇದೆ, ಇಲ್ಲಿ ಕಾಣುತ್ತಿದೆ ಅಷ್ಟೇ. ನೀವು ಕೇಳಿದ್ದು ಇದನ್ನೇ: ಒಂದು ಮೇಲ್, ಮೂರು ಜನರ ಫೋಲ್ಡರಿನಲ್ಲೂ ಕಾಣಬೇಕು, ಪ್ರತಿ ಮಾತ್ರ ಒಂದೇ ಇರಬೇಕು. ಒಂದು ಎಚ್ಚರಿಕೆ. ಆ ತೋರಿಕೆಯ ಫೋಲ್ಡರನ್ನೇ ಅಳಿಸಿದರೆ ಮೇಲ್‌ಗೆ ಏನೂ ಆಗುವುದಿಲ್ಲ. ಆದರೆ ಅದರೊಳಗಿನ ಮೇಲ್ ಅಳಿಸಿದರೆ ಅಸಲೇ ಹೋಗುತ್ತದೆ. ಕನ್ನಡಿಯೊಳಗಿನ ಗಂಟು ಅಂದುಕೊಂಡು ಕೈಹಾಕಬೇಡಿ, ಇಲ್ಲಿ ಕನ್ನಡಿಯ ಗಂಟು ತೆಗೆದರೆ ನಿಜವಾದ ಗಂಟೂ ಮಾಯ.

ಸ್ವೀಕರಿಸುವವರ ಸಾಲು ಯಾವುದಕ್ಕೂ ಉಪಯೋಗವಿಲ್ಲ ಅಂತಲ್ಲ. ಒಂದು ವಿಷಯಕ್ಕೆ ಅದು ಬಹಳ ಒಳ್ಳೆಯದು. ಈ ಮೇಲ್ ನಾನು ಮಾಡಬೇಕಾದ ಕೆಲಸವೋ, ನನ್ನ ತಿಳುವಳಿಕೆಗೆ ಬಂದದ್ದೋ? ಟು ಸಾಲಿನಲ್ಲಿ ನೀವಿದ್ದರೆ ಬಹುಮಟ್ಟಿಗೆ ಕೆಲಸ ನಿಮ್ಮದು. ಸಿಸಿಯಲ್ಲಿ ಇದ್ದರೆ ನೋಡಿ ಸುಮ್ಮನಿದ್ದರೂ ನಡೆಯುತ್ತದೆ. ಸಾಹುಕಾರರಿಂದ ಬಂದಿದೆ, ಟು ಸಾಲಿನಲ್ಲಿ ತೋಟದ ವಿಳಾಸವಿದೆ, ಎರಡೂ ಷರತ್ತು ಕೂಡಿದರೆ ನಕ್ಷತ್ರ ಹಾಕು, ಅಲ್ಲಿಗೇ ನಿಲ್ಲಿಸು. ನಿಲ್ಲಿಸಲು "ಸ್ಟಾಪ್ ಫಿಲ್ಟರ್ ಎಕ್ಸಿಕ್ಯೂಷನ್" ಅಂತ ಒಂದು ಕೆಲಸ ಪಟ್ಟಿಯಲ್ಲೇ ಇದೆ. ಕೆಳಗಿನ ಮೂವ್ ಫಿಲ್ಟರುಗಳು ಇದನ್ನು ಮುಟ್ಟುವುದಿಲ್ಲ, ಮೇಲ್ ಇನ್‌ಬಾಕ್ಸಿನಲ್ಲಿ ಕಣ್ಣೆದುರಿಗೇ ಇರುತ್ತದೆ. ಇದನ್ನು ಟ್ಯಾಗ್ ಫಿಲ್ಟರುಗಳ ಕೆಳಗೆ, ಮೂವ್ ಫಿಲ್ಟರುಗಳ ಮೇಲೆ ಇಡಿ. ಸಾಹುಕಾರರು ನೇರ ನಿಮಗೆ ಬರೆದದ್ದು ಯಾವ ಫೋಲ್ಡರಿನೊಳಗೂ ಅಡಗಬಾರದು. ಕೆಲಸ ಮುಗಿದ ಮೇಲೆ ಕೈಯಿಂದ ಎಳೆದು ಹಾಕಿ.

ಎರಡು ಷರತ್ತು ಅಂದಾಗ ಇನ್ನೊಂದು ಹಳ್ಳ ಇದೆ. ಷರತ್ತುಗಳ ಮೇಲ್ಗಡೆ ಮೂರು ಗುಂಡಿ, ನಮಗೆ ಬೇಕಾದ್ದು ಮೊದಲ ಎರಡು: "ಮ್ಯಾಚ್ ಆಲ್", "ಮ್ಯಾಚ್ ಎನಿ". ಮೊದಲನೆಯದು ಎಲ್ಲವೂ ಕೂಡಿ ಬರಬೇಕು ಅಂತ, ಎರಡನೆಯದು ಯಾವುದಾದರೂ ಒಂದು ಸಾಕು ಅಂತ. ಇದ್ದರೆ ಎನ್ನುವ ಷರತ್ತುಗಳಿಗೆ ಯಾರೂ ತಪ್ಪುವುದಿಲ್ಲ. ಇಲ್ಲದಿದ್ದರೆ ಎನ್ನುವ ಕಡೆ ಎಲ್ಲರೂ ಎಡವುತ್ತಾರೆ. "ಮಗನ ವಿಳಾಸ ಇಲ್ಲ, ಆಡಿಟರ್ ವಿಳಾಸವೂ ಇಲ್ಲ, ಅಂಥ ಮೇಲ್ ಇತರೆ ಫೋಲ್ಡರಿಗೆ" ಅಂತ ಮಾಡಲು ಹೋಗಿ "ಎನಿ" ಒತ್ತಿದಿರಿ ಅನ್ನಿ. ಮಗನಿಗೆ ಮಾತ್ರ ಬಂದ ಮೇಲ್‌ನಲ್ಲಿ ಆಡಿಟರ್ ಇಲ್ಲ, ಒಂದು ಷರತ್ತು ಸರಿಯಾಯಿತು, ಹೋಯಿತು ಇತರೆಗೆ. ಆಡಿಟರಿಗೆ ಮಾತ್ರ ಬಂದದ್ದೂ ಹೋಯಿತು. ಇಬ್ಬರಿಗೂ ಒಟ್ಟಿಗೆ ಬಂದದ್ದು ಬಿಟ್ಟು ಉಳಿದದ್ದೆಲ್ಲ ಬಾಚಿಕೊಂಡು ಹೋಗುತ್ತದೆ. ಇಲ್ಲ ಎನ್ನುವ ಷರತ್ತು ಎರಡು ಇದ್ದರೆ ಕಣ್ಣು ಮುಚ್ಚಿ "ಆಲ್" ಒತ್ತಿ. ಈ "ಆಲ್", "ಎನಿ" ಎರಡನ್ನೂ ಒಂದೇ ಫಿಲ್ಟರಿನಲ್ಲಿ ಬೆರೆಸಲು ಆಗುವುದಿಲ್ಲ. "ಕಳಿಸಿದ್ದು ಕ್ಯೂರಿಂಗ್‌ನವರು, ಜೊತೆಗೆ ಮಗನೋ ಆಡಿಟರೋ ಒಬ್ಬರಾದರೂ ಇರಬೇಕು" ಅನ್ನುವುದಾದರೆ ಎರಡು ಫಿಲ್ಟರ್ ಮಾಡಿ: ಕ್ಯೂರಿಂಗ್ ಮತ್ತು ಮಗ ಒಂದು, ಕ್ಯೂರಿಂಗ್ ಮತ್ತು ಆಡಿಟರ್ ಇನ್ನೊಂದು.

ಸಬ್ಜೆಕ್ಟ್ ಸಾಲಿನ ಕನ್ನಡ ಪದ ನೋಡಿ ವಿಂಗಡಿಸಬಹುದಾ ಅಂತ ಹಲವರು ಕೇಳುತ್ತಾರೆ. ಆಗುತ್ತದೆ, ಆದರೆ ನಾನು ನೆಚ್ಚುವುದಿಲ್ಲ. ಒಬ್ಬರು "ಸಭೆ" ಅಂತ ಬರೆಯುತ್ತಾರೆ, ಇನ್ನೊಬ್ಬರು "ಮೀಟಿಂಗ್" ಅಂತ. ಆ "ಮೀಟಿಂಗ್" ಕೊನೆಯ ಅರ್ಧಾಕ್ಷರದ ಹಿಂದೆ ಕೆಲವು ಕೀಬೋರ್ಡುಗಳು ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತವೆ. ನಮಗೆ ಎರಡೂ ಒಂದೇ ಪದ, ಯಂತ್ರಕ್ಕೆ ಬೇರೆ ಬೇರೆ. ಯುನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಹೊಡೆದು ಅಂಟಿಸಿದ್ದರಂತೂ ಕೇಳಲೇ ಬೇಡಿ.

ಇನ್ನು ಎಲ್ಲೂ ಸಿಗದ ಮೇಲ್‌ಗಳ ವಿಚಾರ. ನೀವು ಕಳಿಸಿದ ಮಾದರಿಯಲ್ಲಿ ಟು ಸಾಲಿನಲ್ಲಿ ಬ್ಯಾಂಕಿನವರ ವಿಳಾಸ ಇದೆ, ಸಿಸಿಯಲ್ಲಿ ಮಗ. ತೋಟದ ವಿಳಾಸ ಎಲ್ಲೂ ಇಲ್ಲ, ಆದರೂ ನಿಮಗೆ ಬಂದಿದೆ. ಅದು ಬಿಸಿಸಿ. ಆಡಿಟರ್ ನಿಮಗೆ ಗುಟ್ಟಾಗಿ ಒಂದು ಪ್ರತಿ ಕಳಿಸಿದ್ದಾರೆ. ಅಂಚೆಯಲ್ಲಿ ಕಾಗದದೊಳಗೆ "ಇವರಿಗೆ" ಅಂತ ಬರೆದ ಹೆಸರು ಒಂದು, ಕವರಿನ ಮೇಲಿನ ವಿಳಾಸ ಇನ್ನೊಂದು ಇರಬಹುದು. ಪೋಸ್ಟ್‌ಮ್ಯಾನ್ ನೋಡುವುದು ಕವರು. ಇಮೇಲ್ ಸಾಗುವುದೂ ಹಾಗೆಯೇ. ನಮಗೆ ಕಾಣುವ ಟು, ಸಿಸಿ ಎಲ್ಲ ಕಾಗದದೊಳಗಿನ ಬರಹ. ಕವರಿನ ವಿಳಾಸ ಬೇರೆ ಇರುತ್ತದೆ. ಬಿಸಿಸಿ ಹಾಕಿದಾಗ ನಿಮ್ಮ ಹೆಸರು ಕವರಿನ ಮೇಲೆ ಮಾತ್ರ ಇರುತ್ತದೆ. ಹಾಗಾಗಿ ಟು, ಸಿಸಿ ನೋಡುವ ಯಾವ ಫಿಲ್ಟರಿಗೂ ಅಲ್ಲಿ ನೀವು ಕಾಣುವುದಿಲ್ಲ. ಬಿಸಿಸಿ ಅಂತ ಷರತ್ತಿದ್ದರೂ ಪ್ರಯೋಜನವಿಲ್ಲ, ಬಂದ ಮೇಲ್‌ನಲ್ಲಿ ಆ ಸಾಲೇ ಇರುವುದಿಲ್ಲ.

ಆದರೆ ಎಷ್ಟೋ ಸರ್ವರುಗಳು ಮೇಲ್ ಮುಟ್ಟಿಸುವಾಗ ಬಟವಾಡೆಯ ಸೀಲ್ ಹೊಡೆದ ಹಾಗೆ ಒಂದು ಸಾಲು ಸೇರಿಸುತ್ತವೆ. ಅದರ ಹೆಸರು "ಡೆಲಿವರ್ಡ್-ಟು". ಮೇಲ್ ತೆರೆದು ಕಂಟ್ರೋಲ್ ಜೊತೆ ಯು ಒತ್ತಿದರೆ ಮೇಲ್‌ನ ಒಳಗಿನ ಬರಹವೆಲ್ಲ ಕಾಣುತ್ತದೆ. ಮೇಲ್ತುದಿಯಲ್ಲೇ ಆ ಸಾಲು ಇದೆಯಾ ನೋಡಿ. ಇದ್ದರೆ, ಫಿಲ್ಟರ್ ಷರತ್ತಿನ ಪಟ್ಟಿಯ ಕೊನೆಯಲ್ಲಿ "ಕಸ್ಟಮೈಸ್" ಒತ್ತಿ, ಅಲ್ಲಿ ಕಂಡ ಹೆಸರನ್ನು ಇಂಗ್ಲಿಷಿನಲ್ಲಿ ಹಾಗೇ ಸೇರಿಸಿ. ಮುಂದೆ ಅದೂ ಒಂದು ಷರತ್ತಾಗಿ ಸಿಗುತ್ತದೆ. "ಡೆಲಿವರ್ಡ್-ಟು ತೋಟದ ವಿಳಾಸ, ಆದರೆ ಟು ಆರ್ ಸಿಸಿಯಲ್ಲಿ ತೋಟದ ವಿಳಾಸ ಇಲ್ಲ, ಎರಡೂ ಆಗಿರಬೇಕು" ಅಂದರೆ ಗುಟ್ಟಾಗಿ ಬಂದ ಮೇಲ್ ಅಂತ ಅರ್ಥ. ಬೇರೆ ಬಣ್ಣ ಹಾಕಿ. ಗುಂಪಿಗೆ ಬರುವ ಮೇಲ್‌ಗಳೂ ಈ ಬಲೆಗೆ ಬೀಳುತ್ತವೆ. ಅವುಗಳ ಒಳಗೆ ಸಾಮಾನ್ಯವಾಗಿ "ಲಿಸ್ಟ್-ಐಡಿ" ಅಂತ ಸಾಲಿರುತ್ತದೆ. ಅದನ್ನೂ ಹೀಗೇ ಸೇರಿಸಿ ಗುಂಪಿನ ಮೇಲ್ ಮೊದಲೇ ಬೇರೆ ಮಾಡಿ.

ಸಂಘದ ಜಿಮೇಲ್ ಕಥೆಯೇ ಬೇರೆ. ಅದಕ್ಕೆ ಥಂಡರ್‌ಬರ್ಡ್‌ನಲ್ಲಿ ಫಿಲ್ಟರ್ ಮಾಡಲೇಬೇಡಿ. ಜಿಮೇಲಿನಲ್ಲಿ ಫೋಲ್ಡರ್ ಅನ್ನುವುದೇ ಇಲ್ಲ, ಲೇಬಲ್ ಇದೆ. ಒಂದು ಮೇಲ್‌ಗೆ ಎಷ್ಟು ಲೇಬಲ್ ಬೇಕಾದರೂ ಅಂಟಿಸಬಹುದು. ಅಲ್ಲಿ ಮೇಲೆ ಕೆಳಗೆ ಅನ್ನುವ ಕ್ರಮವೂ ಇಲ್ಲ, ಹೊಂದಿದ ಫಿಲ್ಟರ್ ಎಲ್ಲ ಓಡುತ್ತವೆ. ಆ ಲೇಬಲ್ಲುಗಳು ಥಂಡರ್‌ಬರ್ಡ್‌ನಲ್ಲಿ ಫೋಲ್ಡರುಗಳಾಗಿ ಕಾಣುತ್ತವೆ, ಎರಡು ಲೇಬಲ್ ಇದ್ದರೆ ಎರಡು ಫೋಲ್ಡರಿನಲ್ಲೂ. ನೀವು ಇಷ್ಟು ದಿನ ಒದ್ದಾಡಿದ್ದು ಅಲ್ಲಿ ಪುಕ್ಕಟೆ ಸಿಗುತ್ತದೆ. ಬ್ರೌಸರಿನಲ್ಲಿ ಜಿಮೇಲ್ ತೆರೆದು, ಹುಡುಕುವ ಪೆಟ್ಟಿಗೆಯ ಬಲ ತುದಿಯ ಚಿಹ್ನೆ ಒತ್ತಿ, ಷರತ್ತು ತುಂಬಿ, "ಕ್ರಿಯೇಟ್ ಫಿಲ್ಟರ್". ಹಳೇ ಮೇಲ್‌ಗೂ ಅನ್ವಯಿಸಲಿ ಅನ್ನುವ ಚೌಕಕ್ಕೆ ಗುರುತು ಹಾಕಿ. "ಸ್ಕಿಪ್ ದ ಇನ್‌ಬಾಕ್ಸ್" ಮಾತ್ರ ಮೊದಲ ದಿನವೇ ಹಾಕಬೇಡಿ. ಹಾಗೇ ಜಿಮೇಲ್ ಸೆಟ್ಟಿಂಗ್ಸಿನಲ್ಲಿ "ಪರ್ಸನಲ್ ಲೆವೆಲ್ ಇಂಡಿಕೇಟರ್ಸ್" ಅಂತ ಒಂದಿದೆ. ಹಾಕಿಕೊಂಡರೆ, ನಿಮ್ಮ ವಿಳಾಸಕ್ಕೆ ಬಂದ ಮೇಲ್ ಪಕ್ಕ ಒಂದು ಬಾಣ, ನಿಮ್ಮೊಬ್ಬರಿಗೇ ಬಂದದ್ದರ ಪಕ್ಕ ಜೋಡಿ ಬಾಣ ಬೀಳುತ್ತದೆ. ಹತ್ತು ಹೆಸರಿನ ಮೇಲ್ ನಡುವೆ ನಿಮಗೊಬ್ಬರಿಗೇ ಬರೆದ ಸದಸ್ಯರ ಪತ್ರ ಥಟ್ಟಂತ ಕಣ್ಣಿಗೆ ಬೀಳುತ್ತದೆ. ಬಹಳ ಜನರಿಗೆ ಇದು ಗೊತ್ತೇ ಇಲ್ಲ.

ಜಿಮೇಲ್ ಫಿಲ್ಟರಿಗೆ ಇನ್ನೊಂದು ಬಲ, ಅದು ಸರ್ವರಿನಲ್ಲೇ ಓಡುತ್ತದೆ. ಥಂಡರ್‌ಬರ್ಡ್ ಫಿಲ್ಟರ್ ಓಡಬೇಕಾದರೆ ನಿಮ್ಮ ಲ್ಯಾಪ್‌ಟಾಪ್ ಆನ್ ಇರಬೇಕು, ಥಂಡರ್‌ಬರ್ಡ್ ತೆರೆದಿರಬೇಕು. ಜುಲೈ ಮಳೆಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ ಅಂದರೆ ಫೋನಿನಲ್ಲಿ ಎಲ್ಲ ಮೇಲ್ ಕಲಸುಮೇಲೋಗರವಾಗಿ ಇನ್‌ಬಾಕ್ಸಿನಲ್ಲೇ ಕಾಣುತ್ತವೆ. ತೋಟದ ಅಕೌಂಟ್ ಐಮ್ಯಾಪ್ (ಮೇಲ್ ಸರ್ವರಿನಲ್ಲೇ ಇದ್ದು ಎಲ್ಲ ಕಡೆ ಒಂದೇ ಥರ ಕಾಣುವ ವಿಧಾನ) ಆಗಿದ್ದರೆ, ಕರೆಂಟ್ ಬಂದು ಲ್ಯಾಪ್‌ಟಾಪ್ ವಿಂಗಡಿಸಿದ ಮೇಲೆ ಫೋನಿನಲ್ಲೂ ಸರಿಹೋಗುತ್ತದೆ. ಪಾಪ್ (ಮೇಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವ ವಿಧಾನ) ಆಗಿದ್ದರೆ ಇಲ್ಲ. ಇದು ಬಾಧೆ ಅನ್ನಿಸಿದರೆ ನಿಮ್ಮ ಡೊಮೈನಿನ ವೆಬ್‌ಮೇಲ್ ತೆರೆದು ಸೆಟ್ಟಿಂಗ್ಸಿನಲ್ಲಿ ಫಿಲ್ಟರ್ ಇದೆಯಾ ನೋಡಿ. ಎಷ್ಟೋ ಕಡೆ ಇರುತ್ತದೆ, ಹಿಂದೆ ಕೆಲಸ ಮಾಡುವ ಭಾಷೆಯ ಹೆಸರು ಸೀವ್. ಅಂದರೆ ಜರಡಿ! 2001ರಲ್ಲಿ ಅದಕ್ಕೊಂದು ನಿಯಮಾವಳಿ ಬಂತು, 2008ರಲ್ಲಿ ತಿದ್ದಿದರು. ಮೂವ್ ಮಾಡುವ ಫಿಲ್ಟರುಗಳನ್ನು ಅಲ್ಲಿಗೆ ಸಾಗಿಸಬಹುದು. ಆದರೆ ಒಂದೇ ಅಕೌಂಟಿಗೆ ಎರಡು ಕಡೆ ಮೂವ್ ಫಿಲ್ಟರ್ ಇಡಬೇಡಿ. ಯಾವುದು ಎಲ್ಲಿಗೆ ಸಾಗಿಸಿತು ಅಂತ ಹುಡುಕುವುದರಲ್ಲಿ ಹೊತ್ತು ಹೋಗುತ್ತದೆ.

ಎಲ್ಲವನ್ನೂ ಒಂದೇ ಸಂಜೆ ಬದಲಾಯಿಸಬೇಡಿ. ಮೊದಲು ಹಳೆಯ 11 ಫಿಲ್ಟರಿನ ಮುಂದಿನ ಗುರುತು ತೆಗೆಯಿರಿ, ಅಳಿಸಬೇಡಿ. ಟ್ಯಾಗ್ ಫಿಲ್ಟರ್ ಮಾತ್ರ ಹಾಕಿ ನಾಲ್ಕು ದಿನ ಬಿಡಿ. ತಪ್ಪು ಬಣ್ಣ ಬಿದ್ದರೆ ಕಣ್ಣಿಗೆ ಕಾಣುತ್ತದೆ, ಮೇಲ್ ಎಲ್ಲೂ ಕಳೆದುಹೋಗಿರುವುದಿಲ್ಲ. ಆಮೇಲೆ ಮೂವ್. ಈಗಾಗಲೇ ಫೋಲ್ಡರುಗಳಲ್ಲಿ ಸೇರಿಹೋದ ಹಳೇ ಮೇಲ್‌ಗೆ ಟ್ಯಾಗ್ ಹಾಕಲು, ಫಿಲ್ಟರ್ ಕಿಟಕಿಯ ಕೆಳಗೆ ಫೋಲ್ಡರ್ ಆರಿಸಿ "ರನ್ ನೌ" ಒತ್ತಿ. ಒಂದೊಂದೇ ಫೋಲ್ಡರ್ ಮಾಡಬೇಕು, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಅದೇ ಕಿಟಕಿಯಲ್ಲಿ ಫಿಲ್ಟರ್ ಲಾಗ್ ಇದೆ, ಹಾಕಿಟ್ಟರೆ ಯಾವ ಮೇಲನ್ನು ಯಾವ ಫಿಲ್ಟರ್ ಮುಟ್ಟಿತು ಅಂತ ಬರೆದಿಡುತ್ತದೆ. "ಡಿಲೀಟ್" ಎನ್ನುವ ಕೆಲಸವನ್ನು ಮಾತ್ರ ಯಾವ ಫಿಲ್ಟರಿಗೂ ಕೊಡಬೇಡಿ.

ಥಂಡರ್‌ಬರ್ಡ್ ಟ್ಯಾಗುಗಳು ಫೋನಿನ ಜಿಮೇಲ್ ಆ್ಯಪಿನಲ್ಲಿ ಕಾಣುವುದಿಲ್ಲ, ನಕ್ಷತ್ರ ಕಾಣುತ್ತದೆ. ಸಾಹುಕಾರರ ಮೇಲ್‌ಗೆ ಟ್ಯಾಗ್ ಬದಲು ನಕ್ಷತ್ರ ಹೇಳಿದ್ದು ಅದಕ್ಕೇ. ಸಂಘದ ಅಕೌಂಟಿಗೂ ಮುಂದೆ ಅಂಥದ್ದು ಬೇಕಾದರೆ ಜಿಮೇಲ್ ಫಿಲ್ಟರಿನಲ್ಲೇ ನಕ್ಷತ್ರ ಹಾಕಿಸಬಹುದು.

ಆಡಿಟರ್ ಬಿಸಿಸಿ ಹಾಕಿದ ಆ ಮೇಲ್‌ಗೆ ನೀವು "ರಿಪ್ಲೈ ಆಲ್" ಒತ್ತಿ ಉತ್ತರ ಕೊಟ್ಟಿದ್ದೀರಿ ಅಂತ ಮಾದರಿಯಲ್ಲೇ ಕಾಣುತ್ತಿದೆ. ಬ್ಯಾಂಕಿನವರಿಗೂ ಸಾಹುಕಾರರ ಮಗನಿಗೂ ನಿಮ್ಮ ಉತ್ತರ ಹೋಗಿದೆ. ಆಡಿಟರ್ ನಿಮಗೆ ಗುಟ್ಟಾಗಿ ಪ್ರತಿ ಕಳಿಸಿದ್ದು ಇಬ್ಬರಿಗೂ ಗೊತ್ತಾಗಿರುತ್ತದೆ. ಅವರೇ ಕೇಳುವ ಮೊದಲು ಒಂದು ಸಲ ಆಡಿಟರಿಗೆ ಫೋನ್ ಮಾಡಿಬಿಡಿ.